ಏಳನೆಯ ಮನೆಯ ಬಟ್ಟೆ

ನನ್ನ ಕೈಗೆ ಸೂಜಿ ಸಿಕ್ಕಿದರೆ ಒಲೆಯ ಮೇಲಿನ ಹಾಲು ಉಕ್ಕಿ ಬೂದಿಗೆ ಇಳಿದರೂ ಕಾಣುತ್ತಿರಲಿಲ್ಲ. ಇದು ನಮ್ಮತ್ತೆ ಊರಿಗೆಲ್ಲ ಸಾರಿದ ಮಾತು, ಸುಳ್ಳೇನಲ್ಲ. ಮಧುರೆ ಸೀಮೆಯ ಕಂಬಂ ಕಡೆಯ ನಮ್ಮ ಒಕ್ಕಲು ಮನೆಗಳಲ್ಲಿ ಹೆಣ್ಣು ಎಂದರೆ ಕಳೆ ಕೀಳಬೇಕು, ಸಗಣಿ ಬಾಚಬೇಕು, ಸಜ್ಜೆ ಕುಟ್ಟಬೇಕು. ಹೊಲಿಗೆ ಯಾರಿಗೆ ಬೇಕಾಗಿತ್ತು? ಹರಿದದ್ದಕ್ಕೆ ತೇಪೆ ಹಾಕಲು ಬಂದರೆ ಸಾಕಿತ್ತು. ನನಗೆ ಮಾತ್ರ ಅದೊಂದು ಹುಚ್ಚು. ಮಧ್ಯಾಹ್ನ ಎಲ್ಲರೂ ಒಂದು ಗಳಿಗೆ ಕಣ್ಣು ಮುಚ್ಚಿದಾಗ ನಾನು ಹಿತ್ತಲ ನುಗ್ಗೆಮರದ ಕೆಳಗೆ ಚಿಂದಿ ಹರಡಿಕೊಂಡು ಕೂರುತ್ತಿದ್ದೆ.

ಹೊಲಿಯುತ್ತಿದ್ದದ್ದು ಹೆಚ್ಚಾಗಿ ಕುಂಚಿಗೆ. ಕೂಸಿನ ತಲೆಗೆ ಟೋಪಿಯ ಹಾಗೆ ಕೂತು ಬೆನ್ನ ಮೇಲೆ ಇಳಿಯುವ ಬಟ್ಟೆ ಅದು. ಗಾಳಿಗೂ ಆಯಿತು, ಚೆಂದಕ್ಕೂ ಆಯಿತು. ಊರಲ್ಲಿ ಯಾರ ಮನೆಯಲ್ಲಿ ಬಾಣಂತಿ ಇದ್ದರೂ ನನ್ನದೊಂದು ಕುಂಚಿಗೆ ಹೋಗುತ್ತಿತ್ತು. ಯಾರೂ ಕೇಳುತ್ತಿರಲಿಲ್ಲ, ನಾನೇ ಹೊತ್ತುಕೊಂಡು ಹೋಗಿ ಕೊಡುತ್ತಿದ್ದೆ. "ಯಾವ ಕೈಯಮ್ಮ ಇದು!" ಎಂದು ಅವರು ಅಂದರೆ ನನಗೆ ಎರಡು ದಿನ ಊಟ ಬೇಡ.

"ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವಂತೆ," ಎನ್ನುತ್ತಿದ್ದರು ಅತ್ತೆ. "ಉಚ್ಚೆ ಹುಯ್ಯೋ ಕೂಸಿಗೆ ಇಷ್ಟು ಸಿಂಗಾರ ಯಾತಕ್ಕೆ?"

"ನಿಮಗೂ ಒಂದು ಹೊಲಿದು ಕೊಡ್ತೀನಿ ತಗಳ್ಳಿ ಅತ್ತೆ," ಎಂದರೆ ಪೊರಕೆ ಹುಡುಕುತ್ತಿದ್ದರು. ನನ್ನ ಬಾಯಿ ಆಗ ಹಾಗಿತ್ತು.

ಆ ಮನೆಯಲ್ಲಿ ನನ್ನ ಅಕ್ಕನೂ ಇದ್ದಳು. ಒಡಹುಟ್ಟಿದವಳೂ ಹೌದು, ಓರಗಿತ್ತಿಯೂ ಹೌದು. ನಮ್ಮಿಬ್ಬರನ್ನೂ ಒಂದೇ ಮನೆಯ ಅಣ್ಣತಮ್ಮಂದಿರಿಗೆ ಕೊಟ್ಟಿದ್ದರು. ನನಗಿನ್ನೂ ಮಕ್ಕಳಾಗಿರಲಿಲ್ಲ. ಅಕ್ಕ ಮೂರು ಹೆತ್ತಿದ್ದಳು, ಮೂರನ್ನೂ ಮಣ್ಣಿಗೆ ಕೊಟ್ಟಿದ್ದಳು. ಒಂದು ಮೂರು ತಿಂಗಳಿಗೆ, ಒಂದು ಹಲ್ಲು ಬರುವ ಹೊತ್ತಿಗೆ, ಒಂದು ಹನ್ನೊಂದನೆಯ ದಿನವನ್ನೂ ಕಾಣಲಿಲ್ಲ. ಮೂರಕ್ಕೂ ನಾನು ಹೊಸ ಬಟ್ಟೆಯಲ್ಲಿ ಕುಂಚಿಗೆ ಹೊಲಿದಿದ್ದೆ. ಮೂರನೆಯದು ಹೋದಾಗ ಅತ್ತೆ ಎಲ್ಲರ ಮುಂದೆಯೇ ಹೇಳಿಬಿಟ್ಟರು: "ನಿನ್ನ ಚೆಂದವೇ ತಿಂತು ಕಣೇ ಆ ಕೂಸುಗಳ್ನ. ನೋಡಿದೋರ ಕಣ್ಣೆಲ್ಲ ಅದರ ಮೇಲೇನೇ."

ಅಕ್ಕ ಅತ್ತೆಗೆ ತಿರುಗಿ ಮಾತಾಡಿದ್ದು ಅದೊಂದೇ ಸಲ. "ಅವಳ ಕೈನ ಏನೂ ಅನ್ನಬ್ಯಾಡಿ," ಎಂದಳು. ನನಗೆ ಅಳು ಬಂತು. ಜೊತೆಗೇ ಅತ್ತೆ ಹೇಳಿದ್ದು ನಿಜವಿರಬಹುದೇನೋ ಎಂಬ ಹೆದರಿಕೆಯೂ ಹೊಕ್ಕಿತು.

ನಾಲ್ಕನೆಯದಕ್ಕೆ ಅಕ್ಕ ಬಸುರಾದದ್ದು ಮಲೆಯ ಮೇಲೆ ಪೆರಿಯಾರ್ ಹೊಳೆಗೆ ಅಣೆ ಕಟ್ಟುವ ಕೆಲಸ ನಡೆಯುತ್ತಿದ್ದ ವರ್ಷಗಳಲ್ಲಿ. ಗೂಡಲೂರಿನ ದಾರಿಯಲ್ಲಿ ಹಗಲೆಲ್ಲ ಗಾಡಿಗಳು. ಎಲ್ಲೆಲ್ಲಿಯ ಜನವೋ ಬಂದರು, ಜ್ವರ ಹತ್ತಿಸಿಕೊಂಡು ಇಳಿದರು, ಇಳಿಯಲಾರದವರು ಅಲ್ಲೇ ಉಳಿದರು. ನಮ್ಮ ಅಕ್ಕ ಮಾತ್ರ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಸುಮ್ಮನೆ ಕೂತಿರುತ್ತಿದ್ದಳು. "ಇದೂ ಹೋದರೆ ನಾನೂ ಹೋಯ್ತೀನಿ ತಂಗೀ," ಎಂದು ಒಂದು ದಿನ ಸೊಪ್ಪು ಸೋಸುತ್ತಾ ಹೇಳಿದಳು. ಅವಳು ಹೆದರಿಸುವ ಹೆಂಗಸಲ್ಲ. ಹೇಳಿದ್ದನ್ನು ಮಾಡುವವಳು.

ಹೆಣ್ಣುಮಗು ಹುಟ್ಟಿತು. ಅತ್ತೆ ಸೂಲಗಿತ್ತಿಯ ಕೈಯಿಂದ ಅದನ್ನು ಇಸಿದುಕೊಂಡು ಹೋಗಿ ಒಂದು ಗಳಿಗೆ ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ಬಂದರು. ತಿಪ್ಪೆಯಲ್ಲಿ ಸಿಕ್ಕಿದ ಕೂಸು, ಯಾರಿಗೂ ಬೇಡವಾದ ಕೂಸು, ಇದನ್ನು ಯಾವ ದೈವವೂ ಆಸೆಪಡುವುದು ಬೇಡ ಎಂದು. ಆಮೇಲೆ ನನ್ನನ್ನು ಕರೆದರು.

"ಈ ಸಲ ಹೊಸ ಬಟ್ಟೆ ಮುಟ್ಟಬ್ಯಾಡ. ಬೇಡಿದ ಬಟ್ಟೇಲಿ ಹೊಲಿ. ಹೆತ್ತದ್ದೆಲ್ಲ ಉಳಿದಿರೋ ಏಳು ಮನೇಲಿ ಬೇಡು. ಕೂಸಿನ ಮೈಮೇಲೆ ಇದ್ದ ಬಟ್ಟೇನೇ ಆಗಬೇಕು. ತೊಳೀಬ್ಯಾಡ. ತಿಂಗಳು ತುಂಬೋದ್ರೊಳಗೆ ತಲೆಗೆ ಹಾಕಬೇಕು. ಕೇಳಿಸ್ತಾ?"

ಬೇಡಿದ ಬಟ್ಟೆಯ ಕ್ರಮ ನಮ್ಮವರಲ್ಲಿ ಹಳೆಯದು. ಬದುಕಿ ಬಾಳುವ ಮಕ್ಕಳ ಬೆವರಿನಲ್ಲಿ ಅವರ ಆಯಸ್ಸು ಇರುತ್ತದಂತೆ. ಏಳು ಮನೆಯ ಆಯಸ್ಸಿನಲ್ಲಿ ಚೂರುಚೂರು ಬೇಡಿ ತಂದು ಹೊಲಿದರೆ ಉಳಿಯದ ಕೂಸೂ ಉಳಿಯುತ್ತದಂತೆ. ನೀರಿಗೆ ಹಾಕಿದರೆ ಆಯಸ್ಸು ತೊಳೆದುಹೋಗುತ್ತದೆ. ಬೇಡಲು ತಾಯಿ ಹೋಗಬಾರದು, ತಾಯಿಯ ಒಡಹುಟ್ಟಿದವಳು ಹೋಗಬೇಕು. ಬಂದವಳನ್ನು ಬರಿಗೈಯಲ್ಲಿ ಕಳಿಸಿದ ಮನೆಗೆ ಪಾಪ ಸುತ್ತಿಕೊಳ್ಳುತ್ತದೆ.

ಮೊರ ಹಿಡಿದುಕೊಂಡು ಹೊರಟೆ. ಹೆತ್ತದ್ದೆಲ್ಲ ಉಳಿದ ಮನೆ ಎಂದರೆ ಸುಲಭವಾಗಿ ಸಿಗುತ್ತದೆಯೇ? ಇಡೀ ಊರು ತಿರುಗಿದರೂ ಆರೇ ಸಿಕ್ಕವು. ಯಾರೂ ಇಲ್ಲವೆನ್ನಲಿಲ್ಲ. ಮೊರದಲ್ಲಿ ಬಿದ್ದದ್ದು ಮಾತ್ರ ಒಂದಕ್ಕಿಂತ ಒಂದು ಮಂಕು: ಮಾಸಿದ ಬಿಳಿ, ಎಣ್ಣೆ ಜಿಡ್ಡಿನ ಬಿಳಿ, ಬಣ್ಣ ಹೋದ ನೀಲಿ. ನನ್ನ ಹಾಳು ಮನಸ್ಸು ನೋಡಿ, ಅಕ್ಕನ ಕೂಸಿನ ಜೀವಕ್ಕೆ ಬೇಡಲು ಹೊರಟವಳು ಬಣ್ಣ ಹೊಂದುವುದಿಲ್ಲವಲ್ಲ ಎಂದು ಕೊರಗುತ್ತಿದ್ದೆ.

ಏಳನೆಯ ಮನೆ ಊರಾಚೆ, ಗಾಡಿ ಹೊಡೆಯುವವನದು. ಮಲೆಯ ಮೇಲಿನ ಕೆಲಸಕ್ಕೆ ಅಕ್ಕಿ ಮೂಟೆ ಸಾಗಿಸುತ್ತಿದ್ದ. ನಾಲ್ಕು ಮಕ್ಕಳು, ನಾಲ್ಕೂ ಗಟ್ಟಿ. ಹೆಂಡತಿ ನನಗಿಂತ ಚಿಕ್ಕವಳು. ಅವಳ ಕೊನೆಯ ಕೂಸಿಗೂ ನಾನೇ ಕುಂಚಿಗೆ ಕೊಟ್ಟಿದ್ದೆ. ನಾನು ಅಂಗಳಕ್ಕೆ ಕಾಲಿಟ್ಟಾಗ ಅವಳು ಹೊಸ್ತಿಲ ಒಳಗೇ ನಿಂತಳು. ಹೊರಗೆ ಬರಲಿಲ್ಲ, ನನ್ನನ್ನು ಕೂರು ಎನ್ನಲೂ ಇಲ್ಲ.

"ಇವತ್ತು ಬ್ಯಾಡಾಕ್ಕ. ಇನ್ನು ಹದಿನೈದು ದಿವಸ ಬಿಟ್ಟು ಬನ್ನಿ."

"ಅಷ್ಟೊತ್ತಿಗೆ ತಿಂಗಳು ತುಂಬಿಹೋಯ್ತದೆ. ಇನ್ನ್ಯಾವ ಮನೆಗೆ ಹೋಗಲಿ ನಾನು?"

ಅವಳು ಒಮ್ಮೆ ಒಳಗೆ ತಿರುಗಿ ನೋಡಿದಳು. ಆಗ ನನ್ನ ಕಣ್ಣಿಗೆ ಎರಡು ಬಿದ್ದವು. ಒಂದು, ಹೊಸ್ತಿಲ ಮೂಲೆಗೆ ಗುಡಿಸಿಟ್ಟಿದ್ದ ಒಣಗಿದ ಬೇವಿನೆಲೆ. ಇನ್ನೊಂದು, ಒಳಗೆ ಹಗ್ಗದ ಮೇಲೆ ನೇತಾಡುತ್ತಿದ್ದ ಕೆಂಪು ಬಟ್ಟೆ. ಮಧುರೆಯ ಬಣ್ಣದವರ ಕೈಯ ಕೆಂಪು, ಎಷ್ಟು ವರ್ಷವಾದರೂ ಮಾಸದ್ದು.

ಬೇವಿನೆಲೆ ಎಂದರೆ ಏನೆಂದು ನಮ್ಮ ಕಡೆಯ ಮೂರು ವರ್ಷದ ಮಗುವಿಗೂ ಗೊತ್ತು. ಮೈಮೇಲೆ ಗುಳ್ಳೆಯಾಗಿ ಮಾರಿಯಮ್ಮ ಎದ್ದ ಮನೆಯವರು ಬಾಗಿಲಿಗೆ ಬೇವು ಕಟ್ಟುತ್ತಾರೆ. ಬಾಯಿಬಿಟ್ಟು ಹೇಳುವಂತಿಲ್ಲ, ಹೇಳಿದರೆ ಅವಳಿಗೆ ಕೋಪ. ನೋಡಿದವರೇ ತಿಳಿದುಕೊಂಡು ಆಚೆಯಿಂದ ಹೋಗಬೇಕು. ಆ ಮನೆಯಿಂದ ಏನೂ ಹೊರಗೆ ಬರಬಾರದು, ಒಲೆಯ ಕೆಂಡ ಕೂಡ. ಅಲ್ಲಿ ಬೇವು ಬಾಗಿಲ ಮೇಲೆ ಇರಲಿಲ್ಲ, ಕೆಳಗೆ ಇತ್ತು. ಇಳಿಸಿಯಾಯಿತು, ನೀರೆರೆದಾಯಿತು, ಅಮ್ಮ ಹೋಗಿಯಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ನಂಬಿ ಹೇಳಿಕೊಂಡದ್ದಲ್ಲ, ಹೇಳಿಕೊಳ್ಳಬೇಕು ಅನ್ನಿಸಿದ್ದಕ್ಕೇ ಹೇಳಿಕೊಂಡೆ. ಆ ಕೆಂಪು ನನಗೆ ಬೇಕಿತ್ತು.

"ಅಗೋ ಆ ಕೆಂಪು ತುಣಿ ಕೊಡು, ಒಂದು ಗೇಣು ಸಾಕು," ಎಂದೆ.

"ಅದು ಬ್ಯಾಡಾಕ್ಕ. ಅದು ಚಿಕ್ಕದರ ಮೈಮೇಲೆ ಇದ್ದದ್ದು."

"ಮೈಮೇಲೆ ಇದ್ದದ್ದೇ ಬೇಕು. ಏಳನೇ ಮನೆ ನಿಂದು ತಾಯಿ. ನೀನು ಬರಿಗೈಲಿ ಕಳಿಸಿ ನಮ್ಮಕ್ಕನ ಕೂಸಿಗೆ ಏನಾದ್ರೂ ಆದರೆ ಆಮೇಲೆ ನೀನೇ ನೋಡ್ಕೋ."

ನಾಲ್ಕು ಮಕ್ಕಳ ತಾಯಿಗೆ ಹೀಗೆ ಅಂದರೆ ಅವಳು ಏನು ಮಾಡಿಯಾಳು? ಒಳಗೆ ಹೋಗಿ ಒಂದು ತುಂಡು ಹರಿದು ತಂದಳು. ಮೊರದಲ್ಲಿ ಹಾಕುವಾಗ ನನ್ನ ಮುಖ ನೋಡಲಿಲ್ಲ. "ತೊಳೆದು ಹೊಲೀರಕ್ಕಾ. ನಿಮ್ಮ ಕಾಲಿಗೆ ಬೀಳ್ತೀನಿ, ಬಿಸಿನೀರಲ್ಲಿ ಹಾಕಿ," ಎಂದಳು.

ನಾನು ನಕ್ಕೆ. "ತೊಳೆದರೆ ಆಯಸ್ಸೇ ಹೋಯ್ತದಲ್ಲೇ, ಅಷ್ಟೂ ಗೊತ್ತಿಲ್ವಾ ನಿನಗೆ?" ಎಂದು ಬುದ್ಧಿ ಹೇಳಿ ಬಂದೆ.

ಎರಡು ಮಧ್ಯಾಹ್ನದಲ್ಲಿ ಕುಂಚಿಗೆ ಮುಗಿಯಿತು. ಸೊಟ್ಟಪಟ್ಟ ಹೊಲಿ, ಕಣ್ಣಿಗೆ ಬೀಳದ ಹಾಗೆ ಇರಲಿ ಎಂದಿದ್ದರು ಅತ್ತೆ. ನನ್ನ ಕೈಗೆ ಸೊಟ್ಟ ಬಂದರೆ ತಾನೇ? ಆರು ಮನೆಯ ಮಂಕನ್ನು ಹಿಂದಕ್ಕೆ ಹಾಕಿ, ಏಳನೆಯ ಮನೆಯ ಕೆಂಪನ್ನು ಹಣೆಯ ಸುತ್ತ, ಕೆನ್ನೆಯ ಪಕ್ಕ ಅಂಚಾಗಿ ಕೊಟ್ಟೆ. ಕೂಸಿಗೆ ತೊಡಿಸಿದಾಗ ಆ ಕೆಂಪಿನೊಳಗೆ ಮುಖ ಎಷ್ಟು ಬೆಳ್ಳಗೆ ಕಂಡಿತೆಂದರೆ, ಅತ್ತೆಯೂ ಬಯ್ಯುವುದನ್ನು ಮರೆತು ಒಲೆಯ ಮಸಿ ತಂದು ಎರಡು ಕೆನ್ನೆಗೂ ಬಳಿದರು. ಅಕ್ಕ ನಕ್ಕಳು. ಎಷ್ಟೋ ದಿನದ ಮೇಲೆ ಅವಳ ಹಲ್ಲು ಕಂಡೆ. ಆಮೇಲೆ ಅವಳು ಆ ಕುಂಚಿಗೆಯನ್ನು ಕೂಸಿನ ತಲೆಯಿಂದ ತೆಗೆಯಲೇ ಇಲ್ಲ. ಕೂಸು ಬಾಯಿಗೆ ತಾಗಿದ ಅಂಚನ್ನು ಚೀಪುತ್ತಿತ್ತು.

ಎರಡು ವಾರ ಕಳೆದಿತ್ತೇನೋ, ಮೈ ಸುಡತೊಡಗಿತು. ಮೂರನೆಯ ದಿನ ಹಣೆಯ ಮೇಲೆ, ಅಂಚು ತಾಗುವ ಕಡೆ, ಮೊದಲ ಗುಳ್ಳೆ ಕಂಡಿತು. ಅತ್ತೆ ಒಂದು ಮಾತೂ ಆಡದೆ ಹೋಗಿ ಬೇವಿನ ಕೊಂಬೆ ಮುರಿದು ತಂದು ಬಾಗಿಲಿಗೆ ಕಟ್ಟಿದರು. ಒಗ್ಗರಣೆ ನಿಂತಿತು, ಗಂಡಸರು ಹೊಲದ ಗುಡಿಸಲಿಗೆ ಹೋದರು. ಅಕ್ಕನಿಗೂ ನನಗೂ ಚಿಕ್ಕಂದಿನಲ್ಲೇ ಅಮ್ಮ ಬಂದು ಹೋಗಿದ್ದಳು, ಮುಖದ ಮೇಲೆ ಅವಳ ಗುರುತು ಇದೆ. ಹಾಗಾಗಿ ನಾವಿಬ್ಬರೇ ಕೂಸಿನ ಹತ್ತಿರ ಕೂತೆವು. ಬಾಳೆಲೆಯ ಮೇಲೆ ಮಲಗಿಸಿ ಬೇವಿನಲ್ಲಿ ಬೀಸುತ್ತಿದ್ದೆವು. ಎತ್ತಿಕೊಂಡರೆ ಚರ್ಮ ಕೈಗೆ ಬರುತ್ತಿತ್ತು, ಎತ್ತಿಕೊಳ್ಳದಿದ್ದರೆ ಅಳು. ಗಂಟಲಲ್ಲೂ ಗುಳ್ಳೆ ಎದ್ದಿತ್ತು, ಹಾಲು ಇಳಿಯುತ್ತಿರಲಿಲ್ಲ. ಅಕ್ಕನ ಎದೆಯಿಂದ ಹಾಲು ಸುರಿದು ಸೀರೆ ಒದ್ದೆಯಾಗುತ್ತಿತ್ತು.

ಅಯ್ಯೋ, ಬೀದೀಲಿ ಹೋಗೋ ಮಾರೀನ ಮನೆಗೆ ಕರೆದ ಹಾಗೆ ಎಂದು ಗಾದೆ ಹೇಳುತ್ತಾರೆ. ನಾನು ಅಷ್ಟಕ್ಕೂ ನಿಲ್ಲಲಿಲ್ಲ, ಮೊರದಲ್ಲಿ ಹೊತ್ತುಕೊಂಡು ಬಂದೆ. ಹೊತ್ತುಕೊಂಡು ಬಂದು ಕೂಸಿನ ಕೆನ್ನೆಗೆ ಹೊಲಿದೆ.

ಗುಳ್ಳೆ ಎದ್ದ ಒಂಬತ್ತನೆಯ ದಿನ ಬೆಳಗ್ಗೆ ಅಳು ನಿಂತಿತು. "ಅಮ್ಮ ತನ್ನ ಕೂಸನ್ನ ಕರಕೊಂಡು ಹೋದಳು," ಎಂದರು ಅತ್ತೆ. ಅಳಬಾರದು ಎಂದರು, ಅತ್ತರೆ ಅಮ್ಮನಿಗೆ ಅವಮಾನವಂತೆ. ಅಕ್ಕ ಅಳಲಿಲ್ಲ. ಕುಂಚಿಗೆಯನ್ನು ತಾನೇ ಕೂಸಿನ ತಲೆಗೆ ತೊಡಿಸಿ ಕಟ್ಟಿ ಕಳಿಸಿದಳು.

ಈ ಸಲ ಯಾರೂ ನನ್ನನ್ನು ಬಯ್ಯಲಿಲ್ಲ. ಬೇಡಿದ ಬಟ್ಟೆಯಲ್ಲೂ ಉಳಿಯದ ಕೂಸು, ಬರೆದು ಬಂದಿದ್ದೇ ಅಷ್ಟು ಎಂದರು. ಒಬ್ಬರಾದರೂ ಬಯ್ದಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ. ಗಾಡಿ ಹೊಡೆಯುವವನ ಹೆಂಡತಿ ಕೆರೆಯ ದಾರಿಯಲ್ಲಿ ನನ್ನನ್ನು ಕಂಡರೆ ಕೊಡ ಇಳಿಸಿ ತಿರುಗಿ ನಿಲ್ಲುತ್ತಿದ್ದಳು. ಅವಳ ಕೊನೆಯ ಕೂಸು ಮುಖದ ತುಂಬ ಕುಳಿಗಳೊಂದಿಗೆ ಬದುಕಿ ಓಡಾಡಿತು. ಬಾಣಂತಿಯರ ಮನೆಯವರು ಕುಂಚಿಗೆ ಯಾಕೆ ಬರಲಿಲ್ಲವೆಂದು ಕೇಳಲು ಬಂದಾಗ ಕಣ್ಣು ಕಾಣುವುದಿಲ್ಲ ಎಂದೆ. ನನಗೆ ಆಗ ಇಪ್ಪತ್ತೆರಡು.

ಅಕ್ಕ ಹೇಳಿದ್ದ ಹಾಗೆ ಮಾಡಿಕೊಂಡಾಳೆಂದು ನಾನು ಬಾವಿಯ ಕಡೆಗೆಲ್ಲ ಅವಳ ಹಿಂದೆಯೇ ತಿರುಗುತ್ತಿದ್ದೆ. ಒಂದು ದಿನ ಕೊಟ್ಟಿಗೆಯಲ್ಲಿ ಅವಳು ಸಟಕ್ಕನೆ ತಿರುಗಿ ನಿಂತಳು.

"ನನ್ನ ಕಾಯ್ಬೇಡ ತಂಗೀ. ನಾನೇನೂ ಮಾಡ್ಕೊಳಲ್ಲ. ನನ್ನ ಕೂಸಿಗೋಸ್ಕರ ಏಳು ಬಾಗಿಲಲ್ಲಿ ನಿಂತು ಬೇಡಿದೋಳು ನೀನು. ನಿನ್ನ ಮುಖ ನೋಡಿಕೊಂಡೇ ಇದೀನಿ," ಎಂದು ಬಗ್ಗಿ ನನ್ನ ಕಾಲು ಮುಟ್ಟಿದಳು. ದೊಡ್ಡವಳು ಚಿಕ್ಕವಳ ಕಾಲು ಮುಟ್ಟುವುದುಂಟೇ? ನಾನು ಹಿಂದಕ್ಕೆ ಸರಿಯಲೂ ಇಲ್ಲ. ಹೇಳಬೇಕೆಂದು ಬಾಯಿ ತೆರೆದೆ. ಹೇಳಿದರೆ ಅವಳು ಬಾವಿಗೆ ಹೋಗುತ್ತಾಳೆ ಎನ್ನಿಸಿತು. ಅದು ನಿಜವೋ, ನನ್ನನ್ನು ನಾನು ಉಳಿಸಿಕೊಳ್ಳಲು ಕಟ್ಟಿದ ನೆಪವೋ, ಇಷ್ಟು ಮುದುಕಿಯಾದರೂ ನನಗೆ ಗೊತ್ತಾಗಿಲ್ಲ. "ಬಿಡಕ್ಕ, ನಂದೇನೈತೆ," ಎಂದೆ.

ಅವಳಿಗೆ ಮತ್ತೆ ಮಕ್ಕಳಾಗಲಿಲ್ಲ. ನನಗೆ ಮೂರಾದವು, ಮೂರೂ ಉಳಿದವು. ಮೂರನ್ನೂ ಎಣ್ಣೆ ಹಚ್ಚಿ ನೀರೆರೆದು ಬೆಳೆಸಿದ್ದು ಅಕ್ಕ. ಸಾಯುವವರೆಗೂ ಅವಳು ಮನೆಯಲ್ಲಿ ಎಲ್ಲರಿಗಿಂತ ಮೊದಲು ನನಗೆ ಬಡಿಸಿದಳು. ಬಿಸಿ ಮುದ್ದೆ, ಮೇಲಿನ ತಿಳಿ ಸಾರು, ಹಬ್ಬದ ದಿನ ಮೊದಲ ಹೋಳಿಗೆ. "ತಿನ್ನು ತಂಗೀ," ಎಂದು ಪಕ್ಕದಲ್ಲೇ ಕೂರುತ್ತಿದ್ದಳು. ನಾನು ತಿಂದೆ.