ಜೋರಿನ ಮೋಟಾರು

2015ರ ಫೆಬ್ರವರಿಯ ಒಂದು ಮಂಗಳವಾರ ಮಧ್ಯಾಹ್ನ ಹನ್ನೆರಡೂ ನಲವತ್ತಕ್ಕೆ, ಮಿರಜದಾಚೆಯ ದಂಡೋಬಾ ಗುಡ್ಡದ ಎರಡನೆಯ ತಿರುವಿನಲ್ಲಿ ನನ್ನ ಮಾವಶಿಯ ಬ್ಯಾಟರಿ ಸೈಕಲ್ ನಿಂತುಬಿಟ್ಟಿತು. ಹಿಂದೆ ಎರಡೂ ಕಡೆ ತೂಗುತ್ತಿದ್ದ ಚೀಲಗಳಲ್ಲಿ ಹದಿನಾಲ್ಕು ಮಂದಿಯ ಊಟವಿತ್ತು.

ಮಾವಶಿ ನನ್ನ ತಾಯಿಯ ತಂಗಿ. ಮನೆ ಗುಡ್ಡದ ಬುಡದಲ್ಲೇ. ಗುಡ್ಡದ ಮೇಲೆ ನೀರಿನ ಟಾಕಿ ಕಟ್ಟುತ್ತಿದ್ದ ಗವಂಡಿಗಳು ವಿಜಯಪುರದ ಕಡೆಯವರು. ಜೋಳದ ರೊಟ್ಟಿಯೇ ಬೇಕು ಎಂದು ಹಟ ಹಿಡಿದಿದ್ದರು. ಒಂದು ತಿಂಗಳು ಮಾವಶಿ ಸೈಕಲ್ಲನ್ನು ಕೈಯಿಂದ ತಳ್ಳಿಕೊಂಡೇ ಹತ್ತಿದ್ದಳು. ದಿನವೂ ಅರ್ಧ ತಾಸು ತಡ. ಬರುವ ಸೋಮವಾರದಿಂದ ಮಧ್ಯಾಹ್ನ ಒಂದು ಗಂಟೆಯೊಳಗೆ ಊಟ ಬರದಿದ್ದರೆ ಮಿರಜದ ಖಾನಾವಳಿಯಿಂದ ಚಪಾತಿ ತರಿಸುತ್ತೇನೆ ಎಂದು ಅವರ ಮೇಲ್ವಿಚಾರಕ ಮುಕಾದಮ ಹೇಳಿದ್ದ. ಹಿಂದಿನ ಚಕ್ರಕ್ಕೆ ಮೋಟಾರು ಕೂರಿಸಿದ್ದು ಅದಕ್ಕಾಗಿ. ಅದನ್ನು ಸಾಂಗಲಿಯ ಅಂಗಡಿಗೆ ಫೋನ್ ಮಾಡಿ ತರಿಸಿದವ ನಾನು, ಪತ್ರಿಕೆಯೊಂದರ ವರದಿಗಾರ.

ಕೂರಿಸಿದವರು ಮಾವಶಿಯ ಗಂಡ, ನಾನು ಕಾಕಾ ಎನ್ನುವವರು. ಕುಪವಾಡದ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವುದು ಅವರ ಕೆಲಸ. ಸೈಕಲ್ ನಿಂತ ಸುದ್ದಿ ಕೇಳಿ, ಮೋಟಾರಿಗೆ ವಿದ್ಯುತ್ತನ್ನು ಅಳೆದು ಕೊಡುವ ಕಂಟ್ರೋಲರ್ ಸಣ್ಣದಾಯಿತು ಎಂದುಕೊಂಡು ಬುಧವಾರ ದೊಡ್ಡದೊಂದನ್ನು ತಂದು ಹಾಕಿದರು. ಗುರುವಾರ ಸೈಕಲ್ ಮೂರನೆಯ ತಿರುವು ಮುಟ್ಟಿ ಸುಟ್ಟ ವಾಸನೆ ಬಿಟ್ಟಿತು. ಚಕ್ರದ ನಡುವಿನ ಮೋಟಾರು ಮುಟ್ಟಲಾಗದಷ್ಟು ಕಾದಿತ್ತು.

"ಏನ್ರಿ, ಮನ್ಯಾಗ ಯಾಕ ಬಡದು ತರಬೇಕು? ಹಿಟ್ಟ ತಂದ್ರ ಇದರ ಮ್ಯಾಲೇ ರೊಟ್ಟಿ ಬೇಯ್ತಾವ," ಎಂದಳು ಮಾವಶಿ, ಸಂಜೆ ಅಂಗಳದಲ್ಲಿ.

ಕಾಕಾ ಚಕ್ರ ಬಿಚ್ಚಿ, ಮೋಟಾರಿನ ಮೇಲೆ ಅಂಟಿಸಿದ್ದ, ಅದರ ವೇಗ ಬರೆದ ಚೀಟಿಯನ್ನು ಕನ್ನಡಕ ಹಾಕಿಕೊಂಡು ಓದಿದರು. ಆಮೇಲೆ ನನ್ನ ಕಡೆ ನೋಡಿದರು.

"ಅಂಗಡ್ಯಾಂವಗ ನೀ ಏನ ಹೇಳಿದಿ?"

"ನೀವು ಹೇಳಿದ್ದ ಹೇಳೇನಿ, ಕಾಕಾ. ಜೋರಿನ ಮೋಟಾರ ಬೇಕಂತ."

"ಅಂವ ಏನಂದ?"

ಸಾಂಗಲಿಯ ಅಂಗಡಿಯವ ಫೋನಿನಲ್ಲಿ ಮರಾಠಿಯಲ್ಲಿ, "ಜೋರಾತ ಪಳಣಾರೀ ಕಾ?" ಎಂದು ಕೇಳಿದ್ದ. ಜೋರಾಗಿ ಓಡುವಂಥದ್ದಾ, ಎಂದು. ನಾನು ಹೌದೆಂದಿದ್ದೆ.

"ಜೋರ ಅಂದ್ರ ಓಡೂ ಜೋರ ಅಲ್ಲೋ ಮಾರಾಯಾ! ಒತ್ತಿ ಏರೂ ಜೋರ! ಪೇಪರಿನ್ಯಾಗ ಏನೇನ ಬರೀತಿ ಆ ದೇವರಿಗೇ ಗೊತ್ತು."

"ಅವಗ್ಯಾಕ ಬೈತೀರಿ? ಚೀಟಿ ಮಂಗಳವಾರನೂ ಇಲ್ಲೇ ಇತ್ತಲ್ಲ," ಎಂದಳು ಮಾವಶಿ.

ಎರಡೂ ಭಾಷೆಯಲ್ಲಿ ಜೋರು ಎಂದರೆ ಬಲವೂ ಹೌದು, ವೇಗವೂ ಹೌದು. ಹೇಳಿದವರನ್ನು ಮತ್ತೊಮ್ಮೆ ಕೇಳಿ ಖಚಿತಪಡಿಸಿಕೊಳ್ಳುವುದು ನನ್ನ ವೃತ್ತಿಯ ಮೊದಲ ಪಾಠ. ಆ ದಿನ ನಾನು ಕೇಳಿರಲಿಲ್ಲ.

ಬಂದದ್ದು ಸಪಾಟು ರಸ್ತೆಯಲ್ಲಿ ವೇಗವಾಗಿ ಓಡುವ ಮೋಟಾರು. ಏರಿನಲ್ಲಿ ಚಕ್ರ ನಿಧಾನವಾದಾಗ ಅದು ತನ್ನ ವೇಗಕ್ಕೆ ಬರಲಾಗದೆ ಕರೆಂಟನ್ನಷ್ಟೇ ಎಳೆಯುತ್ತಿತ್ತು. ಸಣ್ಣ ಕಂಟ್ರೋಲರ್ ಅದನ್ನು ತಡೆದು ನಿಲ್ಲಿಸಿತ್ತು. ದೊಡ್ಡದು ಕೇಳಿದಷ್ಟೂ ಕೊಟ್ಟು ಸುಡಹೊರಟಿತ್ತು.

ಶುಕ್ರವಾರ ಕಾಕಾ ನನ್ನನ್ನು ಕರೆದುಕೊಂಡು ತಾವೇ ಸಾಂಗಲಿಗೆ ಹೋದರು. ಅಂಗಡಿಯ ಮೇಜಿನ ಮೇಲೆ ಒಂದು ಕೈಯನ್ನು ಇಳಿಜಾರಾಗಿ ಹಿಡಿದು, ಇನ್ನೊಂದರ ಎರಡು ಬೆರಳುಗಳನ್ನು ಅದರ ಮೇಲೆ ಮೆಲ್ಲಗೆ ನಡೆಸಿ ತೋರಿಸಿದರು. ಜೋರು ಎಂಬ ಮಾತನ್ನು ಆಡಲೇ ಇಲ್ಲ. ಅಂಗಡಿಯವ ನಕ್ಕು, ಒಳಗೆ ಹಲ್ಲಿನ ಚಕ್ರಗಳಿರುವ ಮೋಟಾರು ತೆಗೆದುಕೊಟ್ಟ. ಅದರ ಒಳಭಾಗ ಬೇಗ ತಿರುಗುತ್ತದೆ, ಸೈಕಲ್ಲಿನ ಚಕ್ರ ನಿಧಾನವಾಗಿ ತಿರುಗುತ್ತದೆ. ಏರಿಗೆ ಬೇಕಾದ ಬಲ ಅಲ್ಲಿಂದ ಬರುತ್ತದೆ.

"ದೊಡ್ಡ ಕಂಟ್ರೋಲರ್ ಮನ್ಯಾಗ ಐತಲ್ಲ, ಅದನ್ನ ಹಾಕೂಣು," ಎಂದೆ.

"ಬ್ಯಾಡ. ಒಳಗಿನ ಹಲ್ಲ ಪ್ಲಾಸ್ಟಿಕ್ ಅದಾವ. ಅದರ ಜೋರ ತಡಿಯಂಗಿಲ್ಲ, ಮುರೀತಾವ," ಎಂದು ಕಾಕಾ, ಆ ಮೋಟಾರಿಗೆ ಹೇಳಿ ಮಾಡಿಸಿದ ಅಳತೆಯ ಕಂಟ್ರೋಲರನ್ನೇ ಆರಿಸಿದರು.

ಸೋಮವಾರ ಹನ್ನೆರಡೂ ಇಪ್ಪತ್ತೈದಕ್ಕೆ ಮಾವಶಿ ಹೊರಟಳು. ನಾನು ಮೋಟಾರ್‌ಸೈಕಲ್ಲಿನಲ್ಲಿ ಹಿಂದೆ ಹೋದೆ. ಎರಡನೆಯ ತಿರುವು ದಾಟಿತು. ಮೂರನೆಯದರಲ್ಲಿ ಮೋಟಾರಿನ ಸದ್ದು ಸ್ವಲ್ಪ ದಪ್ಪವಾಯಿತು, ಚಕ್ರ ನಿಲ್ಲಲಿಲ್ಲ. ಮಾವಶಿ ಆಗೊಮ್ಮೆ ಈಗೊಮ್ಮೆ ಪೆಡಲ್ ತುಳಿಯುತ್ತ ಕುಳಿತೇ ಇದ್ದಳು, ಇಳಿಯಲಿಲ್ಲ. ಕೊನೆಯ ಏರಿನಲ್ಲಿ ತಿರುಗಿ ನೋಡಿ, "ನಿನ್ನ ಗಾಡಿ ಯಾಕೋ ಹಿಂದ ಬಿತ್ತು?" ಎಂದು ಕೂಗಿದಳು.

ಟಾಕಿಯ ಬಳಿ ಗವಂಡಿಗಳು ಕರಣಿ ಕೆಳಗಿಟ್ಟು ಎದ್ದು ನಿಂತು ಸೀಟಿ ಹೊಡೆದರು. ಮುಕಾದಮ ಗಡಿಯಾರ ನೋಡಿದ. ಹನ್ನೆರಡೂ ಐವತ್ತೆರಡು.

"ಇಷ್ಟ ಲಗೂನ ಬಂದ್ರಿ? ಇನ್ನಾ ಹಸಿವೇ ಆಗಿಲ್ಲಲ್ಲರಿ ಅಕ್ಕಾರ."

"ಹೌದ? ಹಂಗಾರ ತಿರಗಿ ಒಯ್ತೇನಿ ತಗೋರಿ," ಎಂದು ಮಾವಶಿ ಸೈಕಲ್ ತಿರುಗಿಸಿದಳು. ಹದಿನಾಲ್ಕೂ ಮಂದಿ ಅಡ್ಡ ಬಂದರು.

ನಾನು ಮೋಟಾರು ಮುಟ್ಟಿ ನೋಡಿದೆ. ಬೆಚ್ಚಗಿತ್ತು, ಅಷ್ಟೆ.

ಟಾಕಿ ಮುಗಿಯುವವರೆಗೆ ಚಪಾತಿ ಗುಡ್ಡ ಹತ್ತಲಿಲ್ಲ. ಇಷ್ಟು ವರ್ಷಗಳಲ್ಲಿ ಬ್ಯಾಟರಿಯನ್ನು ಎರಡು ಸಲ ಬದಲಿಸಿದ್ದಾರೆ. ಮೋಟಾರು, ಕಂಟ್ರೋಲರ್ ಅವೇ ಇವೆ. ಹೋದ ಸೋಮವಾರ ಟಾಕಿಯ ಕಾವಲುಗಾರನಿಗೆ ಮಾವಶಿ ಅದೇ ಸೈಕಲ್ಲಿನಲ್ಲಿ ರೊಟ್ಟಿ ಒಯ್ದಳು. ಮೇಲೆ ಮುಟ್ಟಿದಾಗ ಹನ್ನೆರಡೂ ಐವತ್ತು.