ಹಿಂದಿನ ಗಾಲಿಗೆ ಹನ್ನೊಂದು ಪಟ್ಟೆ

ಮೊದಲನೆಯ ಜರ್ಮನಿ ಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದವು. ಸೈನ್ಯದವರು ಹರಾಜು ಹಾಕಿದ ಒಂದು ಹಳೆಯ ಲಾರಿಯನ್ನು ನಾನು ಕೊಂಡು ತಂದಿದ್ದೆ. ಚೌಳಹಿರಿಯೂರಿನ ಕಡೆಯಿಂದ ಕೊಬ್ಬರಿ ತುಂಬಿಕೊಂಡು ಕಡೂರು ಸ್ಟೇಷನ್ನಿಗೆ ಹಾಕುವುದು ನಮ್ಮ ಕೆಲಸ. ಓಡಿಸುತ್ತಿದ್ದವನು ಅಜ್ಜಂಪುರದವನು, ಯುದ್ಧಕಾಲದಲ್ಲಿ ದೂರದ ಬಸ್ರಾದಲ್ಲಿ ದಂಡಿನ ಲಾರಿ ಓಡಿಸಿ ಬಂದವನು. ಮಾತು ಕಡಿಮೆ. ಗಾಡಿ ಹೊರಡುವ ಮುಂಚೆ ಅದರ ಸುತ್ತ ಒಂದು ಸಲ ನಡೆದು ನೋಡದೆ ಅವನು ಹತ್ತುತ್ತಿರಲಿಲ್ಲ.

ಲಾರಿಯ ಹಿಂಭಾಗ ಸೊಂಟ ಮುರಿದ ಎತ್ತಿನಂತೆ ಕುಸಿದಿತ್ತು. ಹೇರು ಹಾಕಿದರೆ ಮೈ ಗಾಲಿಗೆ ತಗುಲಿ ಸುಟ್ಟ ರಬ್ಬರಿನ ವಾಸನೆ ಬರುತ್ತಿತ್ತು. ಕೆಮ್ಮಣ್ಣುಗುಂಡಿಯಲ್ಲಿ ಅದಿರಿನ ಕೆಲಸಕ್ಕೆ ಸೇರಿದ್ದವರಿಗೆ ಅಕ್ಕಿ, ಹಲಗೆ ಸಾಗಿಸುವ ಕರಾರು ಸಿಕ್ಕಿದಾಗ ಸ್ಪ್ರಿಂಗು ಬದಲಾಯಿಸಲೇಬೇಕಾಯಿತು.

ಅಜ್ಜಂಪುರದ ಕಮ್ಮಾರ ಎರಡು ಜೊತೆ ಸ್ಪ್ರಿಂಗುಗಳನ್ನು ತಂದು ನೆಲದ ಮೇಲಿಟ್ಟ. ಒಂದಕ್ಕೆ ಒಂದರ ಮೇಲೊಂದು ಜೋಡಿಸಿದ ಏಳು ಉಕ್ಕಿನ ಪಟ್ಟೆ, ಮೊದಲಿದ್ದಂಥದ್ದೇ. ಇನ್ನೊಂದಕ್ಕೆ ಹನ್ನೊಂದು, ಯಾವುದೋ ದೊಡ್ಡ ಲಾರಿಯಿಂದ ಬಿಚ್ಚಿದ್ದು. ಅದನ್ನು ಹಾಕಿದರೆ ಹಿಂಭಾಗ ಒಂದು ಗೇಣು ಮೇಲೇಳುತ್ತದೆ ಎಂದ. ಎಷ್ಟು ಹೇರಿದರೂ ಕುಸಿಯದ ಗಾಡಿ ನನ್ನ ಕಣ್ಣಮುಂದೆ ನಿಂತುಬಿಟ್ಟಿತು.

ಡ್ರೈವರ್ ಆ ದಪ್ಪ ಪಟ್ಟೆಗಳ ಮೇಲೆ ಕೈಯಾಡಿಸಿದ. ಹೇರು ಇರುವಾಗ ಇದು ಸರಿ, ಬರಿದಾಗಿ ಇಳಿಯುವಾಗ ಹಿಂಭಾಗ ಕುಣಿಯುತ್ತದೆ, ನಮ್ಮ ಬ್ರೇಕು ಇರುವುದು ಹಿಂದಿನ ಗಾಲಿಗೆ ಮಾತ್ರ ಎಂದು ಮೆಲ್ಲಗೆ ಹೇಳಿದ. ಏಳು ಪಟ್ಟೆಯದನ್ನೇ ಹಾಕಿ ಹೇರು ಕಡಿಮೆ ಮಾಡೋಣ ಎಂದ. ಕಮ್ಮಾರ ನನ್ನ ಮುಖ ನೋಡಿದ. ನಾನು ಹನ್ನೊಂದರದ್ದನ್ನು ತೋರಿಸಿದೆ.

ಕೆಲಸ ಮುಗಿದಾಗ ಲಾರಿ ಮೂಗನ್ನು ನೆಲಕ್ಕೆ ಬಾಗಿಸಿ, ಬೆನ್ನೆತ್ತಿ ನಿಂತಿತ್ತು. ಯಾವುದರ ಮೇಲೋ ಹಾಯಲು ಹೊಂಚುತ್ತಿರುವ ಹಾಗೆ. ಡ್ರೈವರ್ ಅದರ ಸುತ್ತ ಎರಡು ಸಲ ನಡೆದ.

ತರೀಕೆರೆಯಿಂದ ಹೊರಟು ಬೆಟ್ಟ ಹತ್ತುವಾಗ ಒಂದು ಕೊರತೆಯೂ ಕಾಣಲಿಲ್ಲ. ತುಂಬಿದ ಹೇರಿನಡಿ ಪಟ್ಟೆಗಳು ಒಮ್ಮೆಯೂ ಕಿರುಗುಟ್ಟಲಿಲ್ಲ. ನೋಡಿದೆಯಾ ಎಂಬಂತೆ ನಾನು ಅವನತ್ತ ತಿರುಗಿದೆ. ಅವನು ದಾರಿಯನ್ನೇ ನೋಡುತ್ತಿದ್ದ.

ಮೇಲೆ ಸಾಮಾನು ಇಳಿಸಿದ ಮೇಲೆ, ಒಂದಷ್ಟು ಕಲ್ಲು ತುಂಬಿಕೊಂಡೇ ಇಳಿಯೋಣ ಎಂದು ಅವನು ಕೇಳಿದ. ಹೆಬ್ಬೆಯ ಕಡೆಯ ಕಣಿವೆಯಿಂದ ಮಂಜು ಏರಿ ಬರುತ್ತಿತ್ತು. ಕಲ್ಲು ಹೊರುವಷ್ಟರಲ್ಲಿ ದಾರಿ ಮುಚ್ಚಿಹೋಗುತ್ತದೆ ಎಂದು ನಾನು ಅವಸರ ಮಾಡಿದೆ. ಅವನು ಗಾಡಿಯ ಸುತ್ತ ನಡೆದು ಬಂದು ಹತ್ತಿ ಕೂತ.

ಎರಡನೆಯ ತಿರುವಿನಲ್ಲೇ ಹಿಂಭಾಗ ಪುಟಿಯತೊಡಗಿತು. ಗಾಲಿ ನೆಲ ಬಿಡುತ್ತಿತ್ತು, ಬಡಿಯುತ್ತಿತ್ತು, ಮತ್ತೆ ಬಿಡುತ್ತಿತ್ತು. ಅವನು ಬ್ರೇಕಿನ ಮೇಲೆ ಎದ್ದು ನಿಂತಂತೆ ಒತ್ತಿದರೂ ಗಾಡಿಯ ಓಟ ತಗ್ಗಲಿಲ್ಲ. ಎಡಕ್ಕೆ ಕಣಿವೆ, ಬಲಕ್ಕೆ ಗುಡ್ಡ ಕಡಿದ ಮಣ್ಣಿನ ಧರೆ. ಅವನ ಕುತ್ತಿಗೆಯ ನರಗಳು ಉಬ್ಬಿದ್ದವು, ದನಿ ಮಾತ್ರ ಎಂದಿನಂತೆಯೇ ಇತ್ತು.

"ಇಳ್ಕಳಿ ಬುದ್ಧಿ. ನಾನು ಧರೆಗೆ ತಿರುಗಿಸ್ತೀನಿ."

ನಾನು ಹಾರಿದೆ. ಬಿದ್ದಲ್ಲಿಂದ ತಲೆಯೆತ್ತುವಷ್ಟರಲ್ಲಿ ಲಾರಿ ಬಲಗಡೆಯ ಕೆಂಪು ಧರೆಗೆ ನುಗ್ಗಿ ನಿಂತಿತ್ತು. ಮಣ್ಣು ಉದುರುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಸ್ಟೇರಿಂಗು ಅವನ ಎದೆಗೆ ಒತ್ತಿಕೊಂಡಿತ್ತು. ಕಣ್ಣು ತೆರೆದೇ ಇದ್ದವು. ಮೇಲಕ್ಕೆ ಓಡಿ ಕೂಲಿಯವರನ್ನು ಕರೆತಂದೆ. ಅವರು ಹಲಗೆಯ ಮೇಲೆ ಮಲಗಿಸಿ ಹೊತ್ತು ಇಳಿಸಿದರು. ಬೆಟ್ಟದ ಬುಡದಿಂದ ತರೀಕೆರೆ ಆಸ್ಪತ್ರೆಯವರೆಗೆ ಎತ್ತಿನ ಗಾಡಿಯಲ್ಲಿ ಅವನ ತಲೆಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡಿದ್ದೆ. ಅವನ ಒಂದೊಂದು ಉಸಿರಿಗೂ ಒಳಗೆ ಏನೋ ಕಿರುಗುಡುತ್ತಿತ್ತು.

ಅವನು ಬದುಕಿದ. ಆದರೆ ಹತ್ತು ಹೆಜ್ಜೆ ನಡೆದರೆ ನಿಂತು ಉಸಿರು ತೆಗೆದುಕೊಳ್ಳಬೇಕಾಗಿತ್ತು. ಮತ್ತೆಂದೂ ಗಾಡಿ ಮುಟ್ಟಲಿಲ್ಲ.

ಕೆಲವು ತಿಂಗಳ ಮೇಲೆ ಅಜ್ಜಂಪುರದ ಅವನ ಮನೆಗೆ ಹೋದೆ. ಜಗಲಿಯ ಮೇಲೆ ಕೂತು ತೆಂಗಿನ ನಾರಿನ ಹಗ್ಗ ಹೊಸೆಯುತ್ತಿದ್ದ. ತಪ್ಪು ನನ್ನದು ಎಂದು ಹೇಳಲು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಅವನು ಅಂದ:

"ನಾನೇ ಗಟ್ಟಿಯಾಗಿ ಹೇಳ್ಬೇಕಿತ್ತು ಬುದ್ಧಿ. ಮೆತ್ತಗೆ ಹೇಳ್ಬಿಟ್ಟೆ."

ನೀನು ಎರಡು ಸಲ ಹೇಳಿದ್ದೆಯಲ್ಲ ಎನ್ನಬೇಕಾಗಿತ್ತು. ಅವನ ಹೆಂಡತಿ ತಂದಿಟ್ಟ ಮಜ್ಜಿಗೆ ಕುಡಿದು ಎದ್ದು ಬಂದೆ.