ಒರೆಸದ ಸೊಪ್ಪು

ಬೆಳಿಗ್ಗೆ ಫ್ರಿಜ್ಜಿನಿಂದ ಇನ್ಸುಲಿನ್ ತೆಗೆದು ಹೊಟ್ಟೆಗೆ ಚುಚ್ಚಿಕೊಳ್ಳುತ್ತಿದ್ದೆ, ಅಣ್ಣನ ಫೋನು ಬಂತು. ಅದಿರು ಸಾಗಿಸಲು ಮತ್ತೊಂದು ಲಾರಿ ತಗೊಂಡಿದ್ದಾನಂತೆ. ಪೂಜೆಗೆ ನಾನು ಸಿರುಗುಪ್ಪದಿಂದ ಬಳ್ಳಾರಿಗೆ ಬಂದು ಆರತಿ ಎತ್ತಬೇಕಂತೆ. ಮೈಯೆಲ್ಲ ಉರಿದುಹೋಯಿತು. ಆಮೇಲೆ ಹೇಳುತ್ತೇನೆ ಎಂದು ಫೋನು ಕುಕ್ಕಿದೆ. ಇಷ್ಟು ಸಿಟ್ಟು ಯಾಕೆ ಅಂತೀರಾ? ಕೇಳಿ.

ಇನ್ಸುಲಿನ್ನಿನಂಥದ್ದೇ ಒಂದು ಹಾರ್ಮೋನು ರೇಷ್ಮೆಹುಳುವಿನ ಮಿದುಳಲ್ಲೂ ಇದೆ ಎಂದು ನನಗೆ ಕಲಿಸಿದವರು ಶಂಶಾದ್ ಮೇಡಂ. ಬಳ್ಳಾರಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುತ್ತಿದ್ದರು. ಕುರುಗೋಡಿನ ಮನೆಯಲ್ಲಿ ಹುಳು ಸಾಕಿ, ಅದರ ಮೇಲೇ ಪಿಎಚ್‌ಡಿ ಮಾಡುತ್ತಿದ್ದರು. "ಹೊಟ್ಟಿ ತುಂಬ ತಿಂದ್ರ ತಲಿಯೊಳಗಿಂದ ಅದು ಬರತೈತಿ, ಬೆಳಿ ಅಂತ ಮೈಗೆ ಹೇಳತೈತಿ. ಉಪವಾಸ ಬಿದ್ರ ಅದೂ ಸುಮ್ಮನಾಗತೈತಿ," ಎನ್ನುತ್ತಿದ್ದರು. ನಾನು ಹುಳು ತೂಗಲು ಹೋಗುತ್ತಿದ್ದುದು ಅವರಮ್ಮನ ಸಕ್ಕರೆ ಸುರಿದ ಚಹಾದ ಆಸೆಗೆ. ಇವತ್ತಿನ ಸೂಜಿಗೆ ಅಲ್ಲೇ ಅಡಿಪಾಯ ಬಿತ್ತೇನೋ.

ಆಗ ಗಣಿಯ ಕಾಲ. ರಸ್ತೆ ಪಕ್ಕದ ಹಿಪ್ಪುನೇರಳೆ ಸೊಪ್ಪಿನ ಮೇಲೆ ಲಾರಿಗಳ ಕೆಂಪು ಧೂಳು. ಹುಳು ಬಾಯಿ ಹಾಕುತ್ತಿರಲಿಲ್ಲ. ಅದಕ್ಕೇ ತೊಳೆದು, ಎಲೆ ಎಲೆಯನ್ನೂ ಬಟ್ಟೆಯಿಂದ ಒರೆಸಿ ಹಾಕಬೇಕು. ಒದ್ದೆ ಸೊಪ್ಪು ತಿಂದರೆ ಹುಳಕ್ಕೆ ರೋಗ. ಯಾರೋ ದುಡ್ಡು ಮಾಡಿಕೊಳ್ಳಲಿಕ್ಕೆ ನಾವು ಸೊಪ್ಪು ಒರೆಸುವುದು! ಎಂಥ ಅನ್ಯಾಯ.

ಮೇಡಂ ಪಿಎಚ್‌ಡಿಯ ಗಡುವಿಗೆ ಮುಂಚೆ ಹುಳು ಸಾಕಿ ತೆಗೆಯಬಹುದಾದ ಕೊನೆಯ ಬೆಳೆ ಅದು. ನಾಲ್ಕನೇ ಜ್ವರ, ಅಂದರೆ ಕೊನೆಯ ಪೊರೆ ಕಳಚಿ, ಹುಳುಗಳು ಬಾಯಿಗೆ ಬಿಡುವಿಲ್ಲದೆ ತಿನ್ನುತ್ತಿದ್ದವು. ಮೇಡಂ ಕಾಲೇಜಿಗೆ ಹೋಗುತ್ತ ಹುಳುವಿನ ತಟ್ಟೆಗಳನ್ನು ನನಗೆ ಒಪ್ಪಿಸಿದರು. ಅವತ್ತೇ ಅಣ್ಣನ ಮೊದಲ ಲಾರಿಯ ಪೂಜೆ. ಆರತಿ ಎತ್ತುವ ತಂಗಿ ನಾನು, ಹೊಸ ಸೀರೆ ಬೇರೆ. ತೊಳೆದ ಸೊಪ್ಪನ್ನು ಎರಡು ಸಲ ಕೊಡವಿ, ಹಾಗೇ ಸುರಿದು ಓಡಿದೆ.

ಮೂರನೇ ದಿನಕ್ಕೆ ಹುಳುಗಳು ಮೆತ್ತಗಾಗಿ, ಕಪ್ಪಾಗಿ ನಾರಿದವು. ಲಾರಿ ಧೂಳು ಮೇಡಂ ಎಂದುಬಿಟ್ಟೆ. ಅವರು ನಂಬಿದರು. ತಟ್ಟೆ ಹಿಡಿದು ನೆಟ್ಟಗೆ ರಸ್ತೆಗೆ ಹೋಗಿ ಲಾರಿಗೆ ಅಡ್ಡ ನಿಂತರು. ಇಳಿದವನು ನನ್ನಣ್ಣ.

"ಹುಳಕ್ಕ ಅಳ್ತೀರೇನ್ರಿ ಮೇಡಂ?" ಎಂದು ನಕ್ಕ. ಸುತ್ತಲಿದ್ದವರೂ ನಕ್ಕರು. ಗೇಟಿನ ಹಿಂದೆ ನಿಂತಿದ್ದ ನಾನು ಇನ್ನಷ್ಟು ಮರೆಗೆ ಸರಿದೆ. ಮೇಡಂ ಆಮೇಲೆ ಹುಳು ಸಾಕಲಿಲ್ಲ, ಡಾಕ್ಟರೇಟೂ ಬರಲಿಲ್ಲ. ಅಣ್ಣನ ಮೇಲೆ ಇಷ್ಟು ವರ್ಷ ಕಾರಿದ ಸಿಟ್ಟಿನಲ್ಲಿ ಅರ್ಧ ನನ್ನ ಪಾಲಿನದು. ಥೂ, ನನ್ನ ಜನ್ಮಕ್ಕಿಷ್ಟು!

ಸೂಜಿ ಎಸೆದು ಅಣ್ಣನಿಗೆ ಫೋನು ಮಾಡಿದೆ.

"ಆರತಿಗೆ ಬ್ಯಾರೆ ಯಾರನ್ನಾರ ಕರಕೊ ಅಣ್ಣ. ನಾ ಕುರುಗೋಡಿಗೆ ಹೊಂಟೀನಿ. ಅವತ್ತು ನಾ ಸೊಪ್ಪು ಒರಸಿದ್ದಿಲ್ಲ ಅಂತ ಮೇಡಮ್ಮರಿಗೆ ಹೇಳಬೇಕು."